ಲಿಂಗಕ್ಕೆ ಮುಟ್ಟಿಸಿದ ಗುಳಿಗೆ

ಗೌರಿಕುಂಡ, 22-5-1998

ಯರಗಟ್ಟಿಯ ಅಕ್ಕನಿಗೆ ಶರಣು.

ಎತ್ತರಕ್ಕೆ ತಲೆನೋವು, ವಾಂತಿ ಬರಬಾರದೆಂದು ನಿಮ್ಮೂರ ಡಾಕ್ಟರು ಕೊಟ್ಟ ಗುಳಿಗೆಯನ್ನು ಕೇದಾರಕ್ಕೆ ಹತ್ತುವ ಹಿಂದಿನ ದಿನವೇ ನುಂಗಬೇಕಿತ್ತು. ನಮ್ಮ ಮನೆಯವರು ಕೇಳಲಿಲ್ಲ. “ಕೇದಾರನಾಥಗ ಮುಟ್ಟಿಸಿ, ಪ್ರಸಾದ ಮಾಡಿ ತಗೋತೇನಿ, ನೀ ಸುಮ್ನಿರು” ಅಂದರು. ಎಲ್ಲೂ ಕೂರದೆ ಒಂದೇ ದಿನಕ್ಕೆ ಹತ್ತಿದರು. ಪೊಟ್ಟಣವನ್ನು ಲಿಂಗಕ್ಕೆ ಮುಟ್ಟಿಸಿ ಹೊರಗೆ ಬಂದವರೇ ಮೆಟ್ಟಿಲ ಮೇಲೆ ವಾಂತಿ ಮಾಡಿಕೊಂಡರು. ಜೋಳದ ಚೀಲ ಹೊರುವ ಮನುಷ್ಯ, ಕೂಲಿಯವನ ಬೆನ್ನಿನ ಬುಟ್ಟಿಯಲ್ಲಿ ಕೂತು ಇಳಿದರು.

ಕೆಳಗೆ ಬಂದ ಮೇಲೆ ಆರಾಮಾಗಿದ್ದಾರೆ. ಒಂದು ಗುಳಿಗೆಯನ್ನೂ ನುಂಗಿಲ್ಲ, ಆದರೂ ಆರಾಮಾಗಿದ್ದು ಅದರ ಮಹಿಮೆಯಂತೆ. “ಊರಾಗ ಎಲ್ಲಾರಿಗೂ ಒಂದೊಂದು ಹಂಚೂಣು” ಅನ್ನುತ್ತಿದ್ದಾರೆ. ನಿನಗೂ ಕೊಟ್ಟರೆ ಕಣ್ಣಿಗೆ ಒತ್ತಿಕೊಂಡು ದೇವರ ಜಗಲಿ ಮೇಲಿಡು, ನುಂಗಬೇಡ.

ಬಸ್ಸು ಬಂತು.

ನಿನ್ನ ತಂಗಿ ಕಸ್ತೂರಿ