ಕೂಲರಿನ ಮುಂದಿನ ಡಬ್ಬಿ

ಬಜಾಜ್ ನಗರ, ನಾಗಪುರ
ಭಾನುವಾರ, 14 ಸೆಪ್ಟೆಂಬರ್ 2025

ನನ್ನವರಿಗೆ,

ಹೇಗಿದ್ದೀರಿ? ಹೊತ್ತಿಗೆ ಸರಿಯಾಗಿ ಊಟ ಆಗುತ್ತಿದೆಯೇ? ಬಿ.ಪಿ. ಗುಳಿಗೆಗಳನ್ನು ಇಲ್ಲೇ ಬಿಟ್ಟು ಹೋಗಿದ್ದೀರಿ. ಯಾವುದಾದರೂ ಅಂಗಡಿಯಲ್ಲಿ ಕೇಳಿ ತೆಗೆದುಕೊಳ್ಳುತ್ತಿದ್ದೀರೋ, ಇಲ್ಲ ಅದಕ್ಕೂ ತಿಲಾಂಜಲಿ ಕೊಟ್ಟಿರೋ? ಮಳೆಗಾಲ ಬಂದರೆ ನಿಮ್ಮ ಎಡ ಮೊಣಕಾಲು ಹಿಡಿದುಕೊಳ್ಳುತ್ತದೆ, ಆ ಕಾಲು ಎಳೆದುಕೊಂಡು ಎಲ್ಲೆಲ್ಲಿ ಅಲೆಯುತ್ತಿದ್ದೀರೋ ದೇವರಿಗೇ ಗೊತ್ತು. ನಾನು ಕ್ಷೇಮ ಎಂದು ಬರೆಯುವುದು ಪದ್ಧತಿ. ಬರೆಯುವುದಿಲ್ಲ. ಶಾಲೆಗೆ ಹೋಗುತ್ತೇನೆ, ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ, ಮನೆಗೆ ಬಂದು ಒಬ್ಬಳಿಗೆ ಎಷ್ಟು ಅಕ್ಕಿ ಹಾಕಬೇಕು ಎಂದು ಇನ್ನೂ ತಿಳಿಯದೆ ದಿನವೂ ಹೆಚ್ಚೇ ಹಾಕುತ್ತೇನೆ. ಬಯ್ಯಬಾರದು ಎಂದು ಮನಸ್ಸು ಗಟ್ಟಿ ಮಾಡಿಕೊಂಡೇ ಬರೆಯಲು ಕೂತವಳು. ನೋಡಿ, ಗುಳಿಗೆಯ ಹತ್ತಿರವೇ ಶುರುವಾಯಿತು.

ಈ ಪತ್ರವನ್ನು ಯಾವ ಊರಿಗೆ ಕಳಿಸಲಿ? ಜೂನ್ ಕೊನೆಯ ಆ ಸೋಮವಾರ ಮಿಹಾನ್ ಆಫೀಸಿನ ಕ್ಯಾಬ್ ಹತ್ತಿದ ನೀವು ಛತ್ರಪತಿ ಚೌಕದಲ್ಲಿ, ಒಂದು ಪಾನ ಬೀಡಾ ಕಟ್ಟಿಸಿಕೊಂಡು ಬರುತ್ತೇನೆ ಎಂದು ಇಳಿದಿರಂತೆ. ಡ್ರೈವರ್ ಪಾಪ, ಹಿಂದಿನ ಗಾಡಿಗಳವರಿಂದ ಬೈಸಿಕೊಳ್ಳುತ್ತ ಕಾದನಂತೆ. ನಮ್ಮ ಮದುವೆಯ ದಿನ ಬಿಟ್ಟರೆ ನೀವು ಪಾನ ಹಾಕಿದ್ದನ್ನು ನಾನು ನೋಡಿಲ್ಲ. ಫೋನು ಸೀಟಿನ ಮೇಲೆ ಬಿಟ್ಟಿದ್ದಿರಿ, ಪಕ್ಕದಲ್ಲಿ ಟಿಫಿನ್, ಅದರಲ್ಲಿ ನಾನು ಕಟ್ಟಿಕೊಟ್ಟ ಚಪಾತಿ ಹಾಗೇ ಇತ್ತು. ಪೊಲೀಸರು ದೂರು ಬರೆದುಕೊಂಡರು. ತಮ್ಮ ಮರ್ಜಿಯಿಂದ ಹೋದವರು ಮರ್ಜಿಯಾದಾಗ ಬರುತ್ತಾರೆ ಭಾಭೀಜಿ, ಎಂದು ಸಮಾಧಾನವನ್ನೂ ಹೇಳಿದರು. ಹೀಗಾಗಿ ಇದನ್ನು ಫೋಟೊ ಕಾಗದಪತ್ರ ಇಡಲು ನೀವು ಮನೆಯಲ್ಲೇ ಕೂರಿಸಿದ್ದ ನಮ್ಮ ಸರ್ವರಿನ ಮುಖಪುಟಕ್ಕೇ ಹಾಕುತ್ತಿದ್ದೇನೆ. ಆ ವಿಳಾಸ ಟೈಪ್ ಮಾಡಿದರೆ, ಹೆಸರು ಪಾಸ್‌ವರ್ಡ್ ಕೇಳುವ ಮೊದಲು ಈ ಪತ್ರ ಕಾಣುತ್ತದೆ. ಲೋಕದವರು ಓದಿದರೆ ಓದಲಿ. ನಾಗಪುರದಲ್ಲಿ ಕನ್ನಡ ಓದುವವರು ಎಷ್ಟು ಮಂದಿ ಇದ್ದಾರೆ?

ನೀವು ಬಂದು ಹೋದದ್ದು ನನಗೆ ಗೊತ್ತಾಗಿದೆ. ಕಳೆದ ಮಂಗಳವಾರ ಶಾಲೆಯಿಂದ ಬಂದು, ಯಾರ್ಯಾರು ಒಳಗೆ ಬರಲು ನೋಡಿದ್ದಾರೆ ಎಂದು ಸರ್ವರಿನ ದಾಖಲೆ ತೆಗೆದೆ. ದಿನವೂ ಎಲ್ಲೆಲ್ಲಿಂದಲೋ ಕಳ್ಳರು ತಟ್ಟುತ್ತಲೇ ಇರುತ್ತಾರೆ. ಒಬ್ಬ ‘ಅಡ್ಮಿನ್’ ಎನ್ನುತ್ತಾನೆ, ಒಬ್ಬ ‘ಟೆಸ್ಟ್’ ಎನ್ನುತ್ತಾನೆ. ಅವುಗಳ ನಡುವೆ ‘ಗುಂಡ್ಯಾಮಾಳಮಡ್ಡಿ’ ಎಂದಿತ್ತು. ಗುಂಡ್ಯಾ ನಿಮ್ಮ ಅವ್ವ ಕರೆಯುತ್ತಿದ್ದ ಹೆಸರು, ಮಾಳಮಡ್ಡಿ ಧಾರವಾಡದಲ್ಲಿ ನೀವು ಹುಟ್ಟಿದ ಓಣಿಯ ಹೆಸರು. ಅದು ಜಗತ್ತಿನ ಯಾವ ಕಳ್ಳನಿಗೂ ಹೊಳೆಯುವಂಥದ್ದಲ್ಲ. ಮೂರು ಸಲ ಪಾಸ್‌ವರ್ಡ್ ತಪ್ಪಾಗಿತ್ತು. ಹಳೆಯದನ್ನೇ ಹಾಕಿರುತ್ತೀರಿ, ನಾನು ಬದಲಾಯಿಸಿದ್ದು ನಿಮಗೆ ಹೇಗೆ ಗೊತ್ತಾಗಬೇಕು? ಮೂರು ತಪ್ಪಿದರೆ ಬಂದವರನ್ನು ಹೊರಗೆ ಹಾಕು ಎಂದು ಆಗಸ್ಟಿನಲ್ಲಿ ನಾನೇ ಒಂದು ಕಾವಲಿನ ಆಪ್ ಕೂರಿಸಿದ್ದೆ. ಅದು ಮನೆಯ ಯಜಮಾನರನ್ನೇ ಹೊರಗೆ ಹಾಕಿ ಕೂತಿತ್ತು. ಆ ಕ್ಷಣವೇ ಅದನ್ನು ಕಿತ್ತೆಸೆದೆ, ನಿಮ್ಮ ಹಳೆಯ ಪಾಸ್‌ವರ್ಡನ್ನೇ ಮತ್ತೆ ಇಟ್ಟೆ. ಊರು ನಾಂದೇಡ್ ಎಂದು ತೋರಿಸಿತು. ಮೊಬೈಲ್ ನೆಟ್‌ವರ್ಕಿನಿಂದ ಬಂದದ್ದಾದರೆ ತೋರಿಸುವ ಊರನ್ನು ನಂಬಬಾರದು ಎಂದು ನೀವೇ ಹಿಂದೆ ಹೇಳಿದ್ದಿರಿ. ಯಾವ ಊರಾದರೂ ಆಗಲಿ, ಜೀವ ಇದೆಯಲ್ಲ. ಅಡುಗೆಮನೆಯ ನೆಲದ ಮೇಲೆ ಕೂತು ಮನಸ್ಸು ಬಂದಷ್ಟು ಅತ್ತೆ. ಆಮೇಲೆ ಎದ್ದು, ಹೆಚ್ಚಾದ ಅನ್ನವನ್ನೆಲ್ಲ ಒಂದೇ ಸಲಕ್ಕೆ ಉಂಡೆ. ಉಣ್ಣುತ್ತಲೇ ಸಿಟ್ಟೂ ಬಂತು. ಹೆಂಡತಿಯ ಫೋನ್ ನಂಬರು ನೆನಪಿಲ್ಲ, ಸರ್ವರಿನ ವಿಳಾಸ ಮಾತ್ರ ನೆನಪಿದೆ! ಏನು ನೋಡಲು ಬಂದಿದ್ದಿರಿ? ಅಲ್ಲಿ ನೋಡುವಂಥದ್ದು ಏನು ಉಳಿದಿದೆ?

ನಿಮಗೆ ಗೊತ್ತಿರುವುದನ್ನೇ ಮತ್ತೆ ಬರೆಯುತ್ತೇನೆ. ಒಬ್ಬರೇ ಕೂತು ಅದನ್ನು ತಲೆಯೊಳಗೆ ತಿರುವಿ ತಿರುವಿ, ಆದದ್ದಕ್ಕಿಂತ ದೊಡ್ಡದು ಮಾಡಿಕೊಂಡಿರುತ್ತೀರಿ. ನಮ್ಮ ಯಶಿಕಾ ಡೆಂಗ್ಯೂದಲ್ಲಿ ಹೋದಾಗ ಅವಳಿಗೆ ಹದಿನಾಲ್ಕು. ನಿಮ್ಮ ಅಣ್ಣನ ಒಬ್ಬಳೇ ಮಗಳು. ನಮಗೆ ಮಕ್ಕಳಿಲ್ಲ, ಹಾಗಾಗಿ ನಮಗೂ ಅವಳೇ. ಫೋನ್ ಎದುರಿಗಿಟ್ಟುಕೊಂಡು ಇಡೀ ದಿನ ಏನಾದರೂ ಮಾತಾಡಿ ರೆಕಾರ್ಡ್ ಮಾಡುವ ಹುಚ್ಚು ಆ ಹುಡುಗಿಗೆ. ಮರಾಠಿ ಟೀಚರನ ಅಣಕ, ನನ್ನ ಅಣಕ, ಭಾವನವರು ಸಂಧ್ಯಾವಂದನೆ ಮಾಡುತ್ತ ತೂಕಡಿಸುವ ಅಣಕ. ಅದೆಲ್ಲ ಯಾವುದೋ ದೊಡ್ಡ ಕಂಪನಿಯ ಖಾತೆಯಲ್ಲಿತ್ತು. ಹೋದ ಮಗುವಿನ ಮುಖ ಆ ಕಂಪನಿಯವರ ಹತ್ತಿರ ಯಾಕಿರಬೇಕು, ನಮ್ಮ ಮನೆಯಲ್ಲಿ ನಮ್ಮ ಸರ್ವರಿನ ಡಬ್ಬಿಯೊಳಗೇ ಇರಲಿ ಎಂದಿರಿ. ಅದು ತಪ್ಪು ಮಾತಲ್ಲ, ನಾನು ಇವತ್ತಿಗೂ ತಪ್ಪು ಎನ್ನುವುದಿಲ್ಲ. ನಿಮ್ಮ ಮಾತು ನಂಬಿ ಭಾವನವರು ಆ ಖಾತೆ ಮುಚ್ಚಿಸಿದರು. ನಿಮ್ಮ ವೈನಿ, ವತ್ಸಲಕ್ಕ, ಮಗಳ ಫೋನನ್ನು ಖಾಲಿ ಮಾಡಿಸಿ ಮನೆಗೆಲಸಕ್ಕೆ ಬರುವ ಬಾಯಿಯ ಮಗಳಿಗೆ ಕೊಟ್ಟರು. ಮದುವೆ ಮುಂಜಿವೆಗಳಲ್ಲಿ ಗುಂಪಿನ ಮೂಲೆಗೆ ನಿಂತ ನಾಲ್ಕು ಫೋಟೊ ಬಂಧುಗಳ ಹತ್ತಿರ ಇವೆ. ಅವಳ ಧ್ವನಿ ಇದ್ದದ್ದು ನಮ್ಮ ಡಬ್ಬಿಯಲ್ಲಿ ಮಾತ್ರ.

ಆ ಡಬ್ಬಿಯನ್ನು ಎಲ್ಲಿಟ್ಟಿರಿ? ನಾಗಪುರದ ಮೇ ತಿಂಗಳಿಗೆ ಹೆದರಿ, ಸರಿಯಾಗಿ ಕೂಲರಿನ ಬಾಯಿಗೆ. ಧಾರವಾಡದವರಿಗೆ ಕೂಲರ್ ಎಂದರೆ ತಂಪು ಗಾಳಿ ಅಷ್ಟೇ. ಈ ಊರಿನ ಯಾರನ್ನು ಕೇಳಿದ್ದರೂ ಹೇಳುತ್ತಿದ್ದರು, ಅದು ಉಗುಳುವುದು ಬೋರಿನ ಸವುಳು ನೀರನ್ನು ಎಂದು. ಎದುರಿನ ಗೋಡೆಯ ಮೊಳೆಗಳು ತುಕ್ಕು ಹಿಡಿದದ್ದನ್ನು ನಾನು ತೋರಿಸಿದಾಗ, ಮೊಳೆಗೂ ಸರ್ವರಿಗೂ ವ್ಯತ್ಯಾಸ ಇದೆ ಎಂದು ನಕ್ಕಿರಿ. ಒಂದು ಬೇಸಿಗೆ ತಡೆಯಿತು, ಎರಡನೆಯದಕ್ಕೆ, ಒಂದರಲ್ಲಿದ್ದದ್ದೇ ಇನ್ನೊಂದರಲ್ಲೂ ಇದ್ದ ಒಳಗಿನ ಎರಡು ಡಿಸ್ಕುಗಳಲ್ಲಿ ಒಂದು ಸತ್ತಿತು. ಇನ್ನೊಂದು ನಕಲನ್ನು ಬೇರೆ ಕಡೆ ಇಡಿ ಎಂದು ಆಫೀಸಿನವರಿಗೆಲ್ಲ ಉಪದೇಶ ಮಾಡುತ್ತಿದ್ದವರು ನೀವು, ನಮ್ಮ ಮನೆಯಲ್ಲಿ ಮಾತ್ರ ಅದು ಮುಂದಿನ ತಿಂಗಳು, ಮುಂದಿನ ತಿಂಗಳು ಎಂದು ಉಳಿದೇ ಹೋಯಿತು. ಆದರೂ ಒಂದು ಡಿಸ್ಕ್ ಬದುಕಿತ್ತು. ಹೊಸದನ್ನು ತಂದು, ಬದುಕಿದ್ದರಿಂದ ಹೊಸದಕ್ಕೆ ನಕಲು ಇಳಿಸಬೇಕಾದವರು, ಗಾಬರಿಯಲ್ಲಿ ಹೊಸದರಿಂದ ಬದುಕಿದ್ದಕ್ಕೆ ಇಳಿಸಿದಿರಿ. ತುಂಬಿದ್ದರ ಮೇಲೆ ಖಾಲಿಯನ್ನು ಬರೆದಿರಿ. ನಾನು ಮೆಂತ್ಯಪಲ್ಲೆ ಸೋಸುತ್ತ ಕೂತಿದ್ದೆ. ನೀವು ಎದುರಿಗೆ ಬಂದು ಕೂತು, “ಚಾರೂ, ಉಲ್ಟಾ ಮಾಡಿಬಿಟ್ಟೆ ನೋಡು” ಎಂದಿರಿ. ಅಣ್ಣನ ಮುಂದೆ ಹೋದಾಗ ನೀವು ಹೇಳಿದ್ದು ಅರ್ಧ ಮಾತ್ರ, ಕೂಲರಿನ ತೇವಕ್ಕೆ ಡಿಸ್ಕ್ ಹೋಯಿತು ಎಂದು. ಉಲ್ಟಾ ಇಳಿಸಿದ್ದನ್ನು ಹೇಳಲೇ ಇಲ್ಲ. ಅಷ್ಟಕ್ಕೇ ಭಾವನವರು, “ನನ್ನ ಮಗಳನ್ನ ಎರಡ ಸಲ ಕಳಕೊಂಡೆ. ಒಮ್ಮೆ ದವಾಖಾನ್ಯಾಗ, ಒಮ್ಮೆ ನಿನ್ನ ಡಬ್ಬಿಯೊಳಗ” ಎಂದರು. ಆಮೇಲಿನ ಸೋಮವಾರವೇ ನೀವು ಪಾನ ತರಲು ಹೋದಿರಿ.

ನೀವು ಹೋದ ಮೇಲೆ ಆ ಡಬ್ಬಿಯನ್ನು ಗಾಂಧಿಬಾಗಿನ ಗುಜರಿಯವನಿಗೆ ಹಾಕಿ ಕೈ ತೊಳೆದುಕೊಳ್ಳಬೇಕೆಂದು ಆಟೋ ಹತ್ತಿದವಳು ಅರ್ಧ ದಾರಿಯಿಂದ ವಾಪಸು ಬಂದೆ. ಎಲ್ಲಿ ಹೋದರೂ ಫೋನ್ ತೆಗೆದು, ಮನೆಯ ಸರ್ವರ್ ನಡೆಯುತ್ತಿದೆಯೇ ಎಂದು ನೋಡುವವರು ನೀವು. ನನ್ನ ತಂಗಿಯ ಮದುವೆಯಲ್ಲಿ ಒಂದು ಕೈಯಲ್ಲಿ ಅಕ್ಷತೆ ಹಿಡಿದು ಇನ್ನೊಂದು ಕೈಯಲ್ಲಿ ನೋಡಿದವರು. ಎಲ್ಲೋ ಕೂತು ಆ ವಿಳಾಸ ತೆರೆದಾಗ ಏನೂ ಬರದಿದ್ದರೆ, ಚಾರುವೂ ಕೈ ಬಿಟ್ಟಳು ಎಂದುಕೊಳ್ಳುತ್ತೀರಿ. ಅದೊಂದಕ್ಕೇ ಕಲಿಯಲು ಕೂತೆ. ನನ್ನ ಹಳೆಯ ಲ್ಯಾಪ್‌ಟಾಪ್, ಹಿಂದಿ ವಿಡಿಯೊಗಳು, ಮುರಿದು ಕಟ್ಟಿದ ಎಷ್ಟೋ ಭಾನುವಾರಗಳು. ಅಯ್ಯೋ, ಎಷ್ಟು ಬಗೆಯ ಆಪ್‌ಗಳು ರೀ! ನಿಮ್ಮದರಲ್ಲಿ ಇಪ್ಪತ್ತೆರಡು ಇದ್ದವಂತೆ. ಗಿಡಕ್ಕೆ ನೀರು ಹಾಕಿದ್ದನ್ನು ಬರೆದಿಡಲು ಒಂದು, ಗಿಡ ಒಣಗಿ ವರ್ಷವಾಗಿತ್ತು. ಓದದ ಪುಸ್ತಕಗಳ ಹೆಸರಿಗೆ ಒಂದು. ಉಳಿದ ಆಪ್‌ಗಳು ಬದುಕಿವೆಯೇ ಎಂದು ಕಾಯಲು ಒಂದು. ಆ ಕಾಯುವವನೂ ಅದೇ ಡಬ್ಬಿಯೊಳಗಿದ್ದ, ಡಬ್ಬಿಯ ಜೊತೆ ಅವನೂ ಸತ್ತ, ಸುದ್ದಿ ಹೇಳಲು ಯಾರೂ ಉಳಿಯಲಿಲ್ಲ. ಇಷ್ಟು ಓದಿದವರಿಗೆ ಇದು ಹೇಗೆ ಹೊಳೆಯಲಿಲ್ಲ? ನಾನು ಒಂದೊಂದನ್ನೇ ಹಾಕಿ, ಎರಡು ದಿನ ಅದರ ಜೊತೆ ಜಗಳವಾಡಿ, ಕೊನೆಗೆ ಮೂರು ಉಳಿಸಿಕೊಂಡೆ. ಫೋಟೊಗಳಿಗೆ ಒಂದು, ದಿನಸಿಗೆ ಒಂದು, ಮನೆಯ ಕಾಗದಪತ್ರಕ್ಕೆ ಒಂದು. ಆರಿಸುವಾಗ ಕೇಳಿಕೊಂಡದ್ದು ಒಂದೇ ಪ್ರಶ್ನೆ, ನಾಳೆ ನಾನು ಹೋದರೆ ಇದನ್ನು ವತ್ಸಲಕ್ಕ ನಡೆಸಬಲ್ಲರೇ? ಇಲ್ಲ ಎಂದರೆ ಬೇಡ. ಲ್ಯಾಪ್‌ಟಾಪ್ ಇರುವುದು ಮಲಗುವ ಕೋಣೆಯ ಕಪಾಟಿನ ಮೇಲೆ, ಒಂದು ನಕಲು ಶಾಲೆಯ ಲಾಕರಿನಲ್ಲಿ. ನಕಲು ಇಳಿಸುವ ಮೊದಲು ಎಲ್ಲಿಂದ ಎಲ್ಲಿಗೆ ಎಂದು ಗಟ್ಟಿಯಾಗಿ ಬಾಯಿಬಿಟ್ಟು ಓದುತ್ತೇನೆ. ಏನು ಕಾಪಾಡುತ್ತಿದ್ದೇನೆ ಎನ್ನುತ್ತೀರಿ? ತೊಗರಿಬೇಳೆ, ಸೋಪು, ಕರೆಂಟ್ ಬಿಲ್ಲು. ಕಾಪಾಡಬೇಕಾಗಿದ್ದದ್ದು ಹೋಗಿಯೇ ಹೋಯಿತು.

ಭಾವನವರ ಸಿಟ್ಟು ಇಳಿದಿದೆ ಎಂದು ಸುಳ್ಳು ಬರೆಯಲಾರೆ. ನಿಮ್ಮ ಹೆಸರು ಬಂದರೆ ಈಗಲೂ ಎದ್ದು ಹೋಗುತ್ತಾರೆ. ಆದರೆ ಪ್ರತಿ ಭಾನುವಾರ ಕೈಚೀಲದಲ್ಲಿ ನಿಮ್ಮ ಫೋಟೊ ಹಾಕಿಕೊಂಡು ಹೊರಡುವವರೂ ಅವರೇ. ವರ್ಧಾ ಆಯಿತು, ಸೇವಾಗ್ರಾಮ ಆಯಿತು, ಇವತ್ತು ರಾಮಟೇಕ್. ಗುಡಿಯ ಕಟ್ಟೆಯ ಮೇಲೆ ಮುಸುಕು ಹಾಕಿ ಮಲಗಿದವರನ್ನೆಲ್ಲ ಎಬ್ಬಿಸಿ ಮುಖ ನೋಡುತ್ತಾರೆ. ಒಂದು ಕಡೆ ಯಾರೋ ಕುಡುಕ ಕಪಾಳಕ್ಕೆ ಹೊಡೆದನಂತೆ. “ಸಿಗ್ಲಿ ಮಗ, ಕಾಲ ಮುರದು ಮನ್ಯಾಗ ಕೂಡಸ್ತೀನಿ” ಎನ್ನುತ್ತಾರೆ. ನಾಂದೇಡಿನ ಸುದ್ದಿ ಅವರಿಗೆ ಹೇಳಿಲ್ಲ. ಹೇಳಿದರೆ ಇವತ್ತೇ ರೈಲು ಹತ್ತುತ್ತಾರೆ, ಅವರನ್ನು ದೂರದಲ್ಲಿ ಕಂಡರೆ ನೀವು ಇನ್ನೂ ದೂರ ಓಡುತ್ತೀರಿ. ವತ್ಸಲಕ್ಕನ ವಿಷಯ ಬರೆಯಲು ನನಗೆ ಸಂಕಟವಾಗುತ್ತದೆ. ಅಳಿದದ್ದನ್ನು ಮರಳಿ ತೆಗೆಯುವ ಪುಣೆಯ ಲ್ಯಾಬಿಗೆ ನಾನು ಕಳಿಸಿದ ಆ ಎರಡು ಡಿಸ್ಕುಗಳಿಂದ ಏನಾದರೂ ಬಂದೇ ಬರುತ್ತದೆ ಎಂದು ನಂಬಿದ್ದಾರೆ, ಸಿಕ್ಕಾಗಲೆಲ್ಲ ಕೇಳುತ್ತಾರೆ. ಆ ಲ್ಯಾಬಿನವರು ಜುಲೈ ತಿಂಗಳಲ್ಲೇ ನನಗೆ ಫೋನ್ ಮಾಡಿ, ತುಕ್ಕು ಹಿಡಿದು ಸತ್ತದ್ದನ್ನು ಓದಲು ಬರುವುದಿಲ್ಲ, ಮೇಲೆ ಬರೆದು ಅಳಿಸಿದ್ದರಲ್ಲಿ ಒಂದು ಚೂರೂ ಉಳಿದಿಲ್ಲ ಎಂದರು. ಇನ್ನೂ ಸ್ವಲ್ಪ ದಿನ ಆಗುತ್ತದಂತೆ ಅಕ್ಕಾ, ಎಂದು ನಾನು ಮುಖ ತಿರುಗಿಸಿಕೊಂಡು ಹೇಳುತ್ತಿದ್ದೇನೆ.

ಈಗ ಪಕ್ಷಮಾಸ, ಹೊಸದೇನನ್ನೂ ಶುರು ಮಾಡಬಾರದಂತೆ. ಮನೆಗೆ ಬರುವುದು ಹೊಸದಲ್ಲ. ಕೆಲಸ ಹೋಗಿದ್ದರೆ ಹೋಗಲಿ, ನನ್ನ ಸಂಬಳದಲ್ಲಿ ಇಬ್ಬರು ಉಣ್ಣಬಹುದು. ಅಲ್ಲಿ ದೊಡ್ಡವರಿಗೆ ನಮಸ್ಕಾರ ತಿಳಿಸಿ ಎಂದು ಬರೆಯೋಣವೆಂದರೆ ನಿಮ್ಮ ಹತ್ತಿರ ಯಾರಿದ್ದಾರೋ ನನಗೆ ತಿಳಿಯದು. ನಿಮ್ಮನ್ನು ಕೂರಿಸಿ ಒಂದು ತುತ್ತು ಹಾಕಿದವರು ಯಾರಾದರೂ ಇದ್ದರೆ, ಅವರ ಕಾಲಿಗೆ ನನ್ನ ನಮಸ್ಕಾರ.

ಸಿಟ್ಟಿನಲ್ಲಿರುವ, ಆದರೂ ನಿಮ್ಮವಳೇ,
ಚಾರುಲತಾ

ತಾ.ಕ.: ಇದನ್ನು ಹಾಕಬೇಕು ಎನ್ನುವಷ್ಟರಲ್ಲಿ ವತ್ಸಲಕ್ಕ ಬಂದರು. ಚಪ್ಪಲಿ ಬಿಡುತ್ತಲೇ, “ಪುಣೆದಿಂದ ಫೋನ್ ಬಂತೇನ?” ಎಂದರು. ಇವತ್ತು ನನ್ನಿಂದ ಆಗಲಿಲ್ಲ, ಹೇಳಿಬಿಟ್ಟೆ. ಲ್ಯಾಬಿನದನ್ನೂ ಹೇಳಿದೆ, ನೀವು ಉಲ್ಟಾ ಮಾಡಿದ್ದನ್ನೂ ಹೇಳಿದೆ. ಎದೆ ಬಡಿದುಕೊಂಡು ಅಳುತ್ತಾರೆ, ನಿಮ್ಮನ್ನು ಶಪಿಸುತ್ತಾರೆ ಎಂದುಕೊಂಡಿದ್ದೆ. ಸೆರಗು ಸರಿಮಾಡಿಕೊಂಡು ನನ್ನ ಎದುರಿಗೆ ಕೂತರು. “ಅಕಿ ಹೋದ ಮ್ಯಾಲಿನ ದೀಪಾವಳಿಗೆ ಅಂವ ರಜಾ ಹಾಕಿ ಕೂತು, ಅಕಿ ವಿಡಿಯೋ ಒಂದೊಂದ ತಗದು ನೋಡಿ ಹೆಸರ ಹಾಕಿದ್ನಲ್ಲ?” ಎಂದು ಕೇಳಿದರು. ಹೌದು ಅಕ್ಕಾ ಎಂದೆ. “ನಾವಿಬ್ಬರೂ ಒಂದೂ ತಗದು ನೋಡಿಲ್ಲ ಚಾರೂ. ಅಕಿ ಧ್ವನಿ ಕೇಳೋ ಧೈರ್ಯಾನ ಆಗ್ಲಿಲ್ಲ. ಮುಂದ ಯಾವಾಗರ ನೋಡಿದ್ರಾತು ಅಂತ ಹಂಗ ಇಟ್ವಿ. ಎಲ್ಲಾ ನೋಡಿದಾಂವ, ಎಲ್ಲಾ ಕೇಳಿದಾಂವ ಅವನೊಬ್ಬನ. ಜೀವಕ್ಕ ಏನೂ ಮಾಡಿಕೋಬ್ಯಾಡ ಅಂತ ಬರಿ ಅವಗ. ಅಂವ ಹೋದ್ರ ನನ್ನ ಕೂಸಿಂದು ಪೂರಾ ಹೋತು. ಬಂದು ನನ್ನ ಮುಂದ ಕೂತು, ಅಕಿ ಏನೇನ ಮಾತಾಡಿದ್ಲು, ಹ್ಯಾಂಗ ನಕ್ಕಿದ್ಲು, ಒಂದೊಂದ ಹೇಳ್ಲಿ.” ಈಗ ಒಳಗೆ ನನ್ನ ಹಾಸಿಗೆಯ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಾರೆ. ನೀವು ಬರುವ ತನಕ ಮನೆಗೆ ಹೋಗುವುದಿಲ್ಲವಂತೆ. ನಿದ್ದೆ ಬಂದಿಲ್ಲ, ಹೊರಗೆ ಗೇಟಿನ ಸದ್ದಾದರೆ ತಲೆ ಎತ್ತಿ ನೋಡುತ್ತಿದ್ದಾರೆ. ಬನ್ನಿ.