ಶಾಲು ಹೊದಿಸಿ ಹೊರಗೆ

ಭಾನುವಾರ, 9 ನವೆಂಬರ್ 2025

ಬೆಳಿಗ್ಗೆ ಮೈದಾನ, ಎಂದಿನಂತೆ. ಧ್ವಜ ಮೇಲೆ ಹೋಯಿತು, ಬಿಚ್ಚಿಕೊಳ್ಳಲಿಲ್ಲ. ಅಪರ್ಣಾಳ ಮಗ ಗಂಟನ್ನು ಬಿಗಿದುಬಿಟ್ಟಿದ್ದ. ಸಾಲಿನಲ್ಲಿ ಕಿಸಕಿಸ. ರಂಜನ್ ಧ್ವಜ ಇಳಿಸಿದ, ಗಂಟು ಬಿಡಿಸಿದ, ಹಗ್ಗವನ್ನು ಮತ್ತೆ ಅದೇ ಹುಡುಗನ ಕೈಗೆ ಕೊಟ್ಟ. "ಪರತ್ ಬಾಂಧ್, ಮತ್ತೆ ಕಟ್ಟು. ನಾವು ನಿಂತಿರ್ತೇವೆ, ಅವಸರ ಇಲ್ಲ." ಇಡೀ ದಳ ಅಟೆನ್ಶನ್‌ನಲ್ಲಿ ಕಾಯಿತು. ಎರಡನೇ ಸಲ ಬಿಚ್ಚಿಕೊಂಡಿತು. ಆ ಹುಡುಗನ ಮುಖ!

ನಾನು ಇಲ್ಲಿ ಗೈಡ್ ಕ್ಯಾಪ್ಟನ್ ಆಗಿ ಮೂರು ದಶಕ ಮೀರಿತು. ಕನ್ನಡ ಸಂಘದ ಈ ದಳಕ್ಕೆ ರಂಜನ್‌ನಂಥ ಸ್ಕೌಟ್ ಮಾಸ್ಟರ್ ಬಂದಿರಲಿಲ್ಲ. ಚಿಕ್ಕವನಿದ್ದಾಗ ಇಲ್ಲೇ ಕಬ್ ಆಗಿದ್ದವ. ಈಗ ಐರೋಲಿಯಲ್ಲಿ ಕಂಪ್ಯೂಟರ್ ಕೆಲಸ, ವಾಸವೂ ಅಲ್ಲೇ. ಆದರೂ ಪ್ರತಿ ಭಾನುವಾರ ಠಾಣೆ ಸ್ಟೇಷನ್ನಿನಲ್ಲಿ ಗಾಡಿ ಬದಲಿಸಿ ನನಗಿಂತ ಮೊದಲೇ ಡೊಂಬಿವಲಿ ಮೈದಾನದಲ್ಲಿರುತ್ತಾನೆ.

ಹೊರಡುವಾಗ ಯಜ್ಞೇಶ್ವರ ಕಾರಿನಿಂದಲೇ ಕರೆದರು. ದಳದ ಅಧ್ಯಕ್ಷರು, ಸ್ಟೇಷನ್ ಪಕ್ಕದ ಹೋಟೆಲಿನವರು. "ಜಯಕ್ಕ, ಬುಧವಾರ ಒಂದು ಸಣ್ಣ ಮೀಟಿಂಗ್ ಉಂಟು. ರಂಜನ್‌ಗೆ ಹೇಳ್ಬೇಡಿ, ಆಯ್ತಾ?"

ಅವನನ್ನು ಬಿಟ್ಟು ಎಂಥ ಮೀಟಿಂಗ್? ಡಿಸೆಂಬರ್ ಕೊನೆಗೆ ಹುಡುಗರ ಕ್ಯಾಂಪ್. ನಡೆಸುವವನು ಅವನೇ.

ಬುಧವಾರ, 12 ನವೆಂಬರ್

ಹೋಟೆಲಿನ ಮೇಲಿನ ಎಸಿ ಹಾಲ್. ಯಜ್ಞೇಶ್ವರ, ಕಾರ್ಯದರ್ಶಿ ಮನೀಶ, ಪೋಷಕರ ಪರವಾಗಿ ಮಯೂರ್, ನಾನು. ಮೊದಲು ನೀರುದೋಸೆ. ಅಸಹ್ಯದ ಕೆಲಸಕ್ಕೆ ಮೊದಲು ನಮ್ಮವರು ತಿಂಡಿ ತರಿಸುತ್ತಾರೆ.

ಮನೀಶ ಫೋನು ಮುಂದೆ ಹಿಡಿದ. ಮುಂಬಯಿಯ ಮೆರವಣಿಗೆಯೊಂದರ ಫೋಟೋ. ಕಾಮನಬಿಲ್ಲಿನ ಬಣ್ಣದ ಬಾವುಟ. ರಂಜನ್, ಅವನ ಹೆಗಲ ಮೇಲೆ ಕೈಯಿಟ್ಟು ಹೃಷೀಕೇಶ. ಐರೋಲಿಯ ಮನೆಯಲ್ಲಿ ಇಬ್ಬರೂ ಸಂಗಾತಿಗಳಾಗಿ ಒಟ್ಟಿಗಿರುವುದು ನನಗೆ ಗೊತ್ತು. ಒಮ್ಮೆಯೂ ಮುಚ್ಚಿಟ್ಟವನಲ್ಲ ಅವನು. ಇವರು ಕೇಳಿರಲಿಲ್ಲ, ಅಷ್ಟೇ.

"ಇದರಲ್ಲಿ ಎಂತ ಅಪರಾಧ?" ಅಂದೆ.

"ಅಪರಾಧ ಅಂತ ಯಾರು ಹೇಳಿದ್ದು? ಕೋರ್ಟೇ ಬಿಟ್ಟಿದೆ," ಯಜ್ಞೇಶ್ವರ ಕೈ ಒರೆಸಿಕೊಂಡರು. "ಆದ್ರೆ ಮಕ್ಕಳ ಸುರಕ್ಷತೆ ಅಂತ ಒಂದು ಇದೆಯಲ್ಲ. ಟೆಂಟು, ರಾತ್ರಿ…"

"ಯಾವ ಮಗು ಎಂತ ಹೇಳಿದೆ?"

"ಹೇಳುವ ತನಕ ಕಾಯ್ಬೇಕಾ?" ಇದು ಮಯೂರ್.

ಯಜ್ಞೇಶ್ವರ ಮುಂದುವರಿಸಿದರು: "ಮತ್ತೆ ಎಲೆಕ್ಷನ್ ಬೇರೆ ಹತ್ತಿರ, ಜಯಕ್ಕ. ನಮಗೆ ಮೈದಾನ ಕೊಡಿಸಿದವರಿಗೆ ಈ ಫೋಟೋ ಹೋದ್ರೆ ಮೈದಾನವೂ ಹೋಯ್ತು."

ಸುರಕ್ಷತೆಯಿಂದ ಮೈದಾನಕ್ಕೆ ಬರಲು ಒಂದು ಲೋಟ ಕಾಫಿಯಷ್ಟು ಹೊತ್ತು ಸಾಕಾಯಿತು.

ತೆಗೆದುಹಾಕುವುದಿಲ್ಲವಂತೆ. ಸನ್ಮಾನ ಮಾಡುತ್ತಾರಂತೆ! "ಕಾರ್ಯಬಾಹುಳ್ಯದಿಂದಾಗಿ ನಿವೃತ್ತರಾಗುತ್ತಿರುವ" ಅಂತ ಕಾರ್ಡಿನಲ್ಲಿ ಹಾಕುವುದು. ನಮ್ಮ ಮುಂಬಯಿ ಕನ್ನಡಿಗರು ಕಂಡುಹಿಡಿದ ಉಪಾಯ ಇದು. ಎದುರಿಗೆ ನಿಂತು "ನೀನು ಬೇಡ" ಅನ್ನುವ ಧೈರ್ಯ ಇಲ್ಲ. ಶಾಲು, ಪೇಟ, ಹಣ್ಣಿನ ಬುಟ್ಟಿ ಕೊಟ್ಟು, ಚಪ್ಪಾಳೆ ತಟ್ಟುತ್ತಾ ಬಾಗಿಲವರೆಗೆ ತಳ್ಳುವುದು.

"ಸನ್ಮಾನಪತ್ರ ನೀವೇ ಬರೀಬೇಕು. ನಿಮ್ಮ ಕನ್ನಡ ಚಂದ," ಅಂದರು ಯಜ್ಞೇಶ್ವರ.

"ಬರೆಯೋದಿಲ್ಲ," ಅಂದು ಎದ್ದೆ. ದೋಸೆ ತಟ್ಟೆಯಲ್ಲೇ ಇತ್ತು. ಮನೀಶ ಅದನ್ನು ತನ್ನ ಕಡೆಗೆ ಎಳೆದುಕೊಂಡ.

ಶನಿವಾರ, 15 ನವೆಂಬರ್

ಐರೋಲಿಗೆ ಹೋಗಿಬಂದೆ. ನಾನು ಹೇಳಬೇಕಾಗಿ ಬರಲಿಲ್ಲ. ಸನ್ಮಾನದ ವಿಷಯ ರಂಜನ್‌ಗೆ ಆಗಲೇ ಗೊತ್ತಿತ್ತು. ಹೃಷೀಕೇಶ ಚಹಾ ಮಾಡಿ ತಂದ. ಧಾರವಾಡದ ಹುಡುಗ.

"ಶಾಲ್ ಉಣ್ಣೀದಿದ್ರ ತಗೊಂಬಾರಪಾ," ಅಂದ ರಂಜನ್‌ಗೆ. "ನಮ್ಮ ಆಫೀಸ್ನ್ಯಾಗ ಎಸಿ ಭಾಳ ಆಗೇತಿ."

ನನಗೆ ನಗು ಬರಲಿಲ್ಲ. "ಹೋಗ್ಬೇಡ. ಆ ಕುರ್ಚಿ ಮೇಲೆ ಕೂತ್ಕೊಳ್ಬೇಡ. ಜಗಳ ಆಡು, ನಾನಿದ್ದೇನೆ."

"ಜಗಳ ಆಡಿದ್ರೆ ಏನಾಗ್ತದೆ ಗೊತ್ತಾ, ಆಂಟಿ? ಆ ದಿನ ರಾತ್ರಿ ಪ್ರತಿ ಮನೆಯಲ್ಲಿ ಒಬ್ಬ ಹುಡುಗನನ್ನು ಕೂರಿಸಿ ಕೇಳ್ತಾರೆ: ಸರ್ ನಿನ್ನನ್ನು ಎಲ್ಲಿ ಮುಟ್ಟಿದ್ರು ಅಂತ. ಅದು ನಂಗೆ ಬೇಡ."

ಹಿಂದಿರುಗುವಾಗ ಗಾಡಿಯಲ್ಲಿ ಯೋಚಿಸಿದೆ. ಹುಡುಗರ ಬಗ್ಗೆ ಇಷ್ಟು ಯೋಚಿಸಿದವನು ಆ ಎಸಿ ಹಾಲಿನಲ್ಲಿ ಒಬ್ಬನೂ ಇರಲಿಲ್ಲ.

ಭಾನುವಾರ, 23 ನವೆಂಬರ್. ಮಧ್ಯಾಹ್ನ

ಸಿಟ್ಟು ಇನ್ನೂ ಇಳಿದಿಲ್ಲ. ಕ್ರಮವಾಗಿ ಬರೆಯಬೇಕು.

ಸಂಘದ ಸಭಾಂಗಣ. ಸಾಲು ಕುರ್ಚಿ, ಬ್ಯಾನರು, ಮುಖ್ಯ ಅತಿಥಿಯಾಗಿ ಟಿಕೆಟ್ ಆಕಾಂಕ್ಷಿಯೊಬ್ಬರು. ರಂಜನ್ ಯೂನಿಫಾರ್ಮಿನಲ್ಲೇ ಬಂದಿದ್ದ. ಸ್ಕಾರ್ಫಿನ ಮೇಲೆ ಶಾಲು, ಟೋಪಿ ತೆಗೆಸಿ ಪೇಟ. ಹುಡುಗರು ಮೊದಲ ಸಾಲುಗಳಲ್ಲಿ ಪೆಚ್ಚಾಗಿ ಕೂತಿದ್ದರು. ಯಾಕೆ ಅಂತ ಅವರಿಗೆ ಯಾರೂ ಹೇಳಿಲ್ಲ.

ಮನೀಶ ಸನ್ಮಾನಪತ್ರ ಓದಿದ. "ತಮ್ಮ ಸುದೀರ್ಘ ಇಪ್ಪತ್ತೈದು ವರ್ಷಗಳ ಸೇವೆಯಲ್ಲಿ…" ರಂಜನ್‌ಗೆ ವಯಸ್ಸೇ ಇಪ್ಪತ್ತೊಂಬತ್ತು. "ತಮ್ಮ ಧರ್ಮಪತ್ನಿಯ ಸಹಕಾರದಿಂದ…" ಹುಡುಗರು ಒಬ್ಬರ ಮುಖ ಒಬ್ಬರು ನೋಡಿದರು. ಆಗ ಹೊಳೆಯಿತು. ಹಳೆಯದನ್ನೇ ಹೆಸರು ಬದಲಿಸಿ ಓದುತ್ತಿದ್ದಾನೆ! 1999ರಲ್ಲಿ ಆಗಿನ ಸ್ಕೌಟ್ ಮಾಸ್ಟರ್ ಪುಂಡರೀಕಾಕ್ಷನಿಗೆ ಕೊಟ್ಟದ್ದು. ತಲೆಯೆತ್ತಿ ನೋಡಿದರೆ ಮುಂದಿನ ಸೋಫಾದಲ್ಲಿ ಸಾಕ್ಷಾತ್ ಪುಂಡರೀಕಾಕ್ಷನೇ ಕೂತು, ಪ್ರತಿ ವಾಕ್ಯಕ್ಕೂ ತಲೆದೂಗುತ್ತಿದ್ದ.

ರಂಜನ್ ಕೈಗೆ ಮೈಕ್ ಕೊಟ್ಟರು. ಎರಡು ಮಾತು ಧನ್ಯವಾದ ಹೇಳಿ ಕೂರುತ್ತಾನೆ ಅಂದುಕೊಂಡಿದ್ದರು.

"ಕಾರ್ಡಿನಲ್ಲಿ ಕಾರ್ಯಬಾಹುಳ್ಯ ಅಂತ ಹಾಕಿದ್ದೀರಿ," ಅಂದ. "ಹಾಗೇನೂ ಇಲ್ಲ. ನಾನು ಪ್ರತಿ ಭಾನುವಾರ ಫ್ರೀ ಇದ್ದೇನೆ."

ಅಷ್ಟೇ. ಶಾಲು ಮಡಚಿ ಕುರ್ಚಿಯ ಮೇಲಿಟ್ಟು ಇಳಿದ.

"ತೋ ಫಿರ್ ಸರ್ ಜಾ ಕ್ಯೂಂ ರಹೇ ಹೈಂ?" ಹಾಗಾದರೆ ಸರ್ ಹೋಗುವುದು ಯಾಕೆ ಅಂತ ಹುಡುಗರ ಸಾಲಿನಿಂದ ಅಪರ್ಣಾಳ ಮಗ ಕೂಗಿದ. ಯಜ್ಞೇಶ್ವರ ಮೈಕಿಗೆ ಹಾರಿದರು. "ಊಟ ರೆಡಿ ಉಂಟು! ಅದಕ್ಕೆ ಮೊದಲು ಒಂದು ಸಿಹಿ ಸುದ್ದಿ." ಹಿರಿಯರು, ಶಿಸ್ತಿನ ಸಿಪಾಯಿ, ಸಂಸಾರವಂದಿಗ ಪುಂಡರೀಕಾಕ್ಷರು ಮತ್ತೆ ದಳಕ್ಕೆ ಬರುತ್ತಿದ್ದಾರೆ. ಈ ಸಲದ ಕ್ಯಾಂಪ್ ಅವರದೇ.

ಮಯೂರ್ ವೇದಿಕೆ ಹತ್ತಿ ಪುಂಡರೀಕಾಕ್ಷನಿಗೆ ವಿಸಿಲ್ ಕೊಟ್ಟ. ಎಡಗೈಯಿಂದ ಕೊಟ್ಟ. ಬಲಗೈ ಮಯೂರನಿಗೆ ಪೂರ್ತಿ ಚಾಚಲು ಬರುವುದಿಲ್ಲ.

ಯಾಕೆ ಬರುವುದಿಲ್ಲ ಅಂತ ಆ ಸಭಾಂಗಣದಲ್ಲಿ ನಾಲ್ವರಿಗೆ ಗೊತ್ತಿತ್ತು. ಕೊಟ್ಟವನಿಗೆ, ತೆಗೆದುಕೊಂಡವನಿಗೆ, ಯಜ್ಞೇಶ್ವರರಿಗೆ, ನನಗೆ.

ಸಂಜೆ

1999, ಬದ್ಲಾಪುರದ ಆಚೆ ಕ್ಯಾಂಪ್. ಊಟದ ಸಾಲಿನಲ್ಲಿ ಮಾತಾಡಿದ ಅಂತ ಹದಿಮೂರು ವರ್ಷದ ಮಯೂರನ ಮೊಣಕೈಗೆ ಪುಂಡರೀಕಾಕ್ಷ ಲಾಠಿ ಬೀಸಿದ. ಮೂಳೆ ಮುರಿದ ಸದ್ದು ನಾನು ಕೇಳಿದ್ದೇನೆ. ಹಾಲಿನ ಟೆಂಪೋದಲ್ಲಿ ಹುಡುಗನನ್ನು ತೊಡೆಯ ಮೇಲೆ ಮಲಗಿಸಿಕೊಂಡು ಆಸ್ಪತ್ರೆಗೆ ಒಯ್ದವಳು ನಾನು. ಸಮಿತಿಗೆ ಹೇಳಿದೆ, ಪೊಲೀಸಿಗೂ ಹೋಗೋಣ ಅಂದೆ. ಮಯೂರನ ಅಪ್ಪನೇ ಕೈಮುಗಿದು ಬೇಡವೆಂದರು: ಆಗಲೂ ಸಮಿತಿಯಲ್ಲಿದ್ದ ಯಜ್ಞೇಶ್ವರರ ಹೋಟೆಲಿನಲ್ಲಿ ಅವರ ಕೆಲಸ. ಪುಂಡರೀಕಾಕ್ಷನಿಗೆ ಶಾಲು ಹೊದಿಸಿದರು. ಅವನು ಅಂಬರನಾಥದಲ್ಲಿ ಇನ್ನೊಂದು ದಳ ಸೇರಿದ.

ಹೊಡೆದವನಿಗೂ ಅದೇ ಶಾಲು, ಹೊಡೆಯದವನಿಗೂ ಅದೇ. ಈಗ ಹೊಡೆದವನು ವಾಪಸ್ಸು. ಥೂ.

ಭಾನುವಾರ, 30 ನವೆಂಬರ್

ಸ್ಕಾರ್ಫ್ ಓರೆಯಾಗಿತ್ತು ಅಂತ ಪುಂಡರೀಕಾಕ್ಷ ಅಪರ್ಣಾಳ ಹುಡುಗನನ್ನು ಜಲ್ಲಿಯ ಮೇಲೆ ಮೊಣಕಾಲೂರಿಸಿದ್ದ. ನಾನು ಹೋಗಿ ಎಬ್ಬಿಸಿದೆ. ಮೊಣಕಾಲಿನಲ್ಲಿ ಕಲ್ಲಿನ ಅಚ್ಚು.

"ಜಯಲತಾ, ನಿನಗೆ ಇನ್ನೂ ಸಿಟ್ಟು ಹೋಗಿಲ್ವಾ?" ನಗುತ್ತಲೇ ಕೇಳಿದ. ಕೂದಲೆಲ್ಲ ಬೆಳ್ಳಗೆ, ಸ್ವರ ಮಾತ್ರ ಅದೇ. "ಗಂಡುಹುಡುಗರನ್ನು ಗಂಡಸರು ಮಾಡುವ ಕೆಲಸ ಇದು. ನೀನು ನಿನ್ನ ಹೆಣ್ಣುಮಕ್ಕಳಿಗೆ ರಂಗೋಲಿ ಕಲಿಸು, ಹೋಗು."

ಬೇಲಿಯಾಚೆ ಪೋಷಕರು. ಅವರಲ್ಲೊಬ್ಬರು, ಹುಡುಗ ಮೊಣಕಾಲೂರಿದ ಫೋಟೋ ತೆಗೆದು ಗ್ರೂಪಿಗೆ ಹಾಕಿದ್ದರು. ಕೆಳಗೆ ಬರೆದದ್ದು: "ಕೊನೆಗೂ ಶಿಸ್ತು ಬಂತು." ಹೆಬ್ಬೆರಳುಗಳ ಸುರಿಮಳೆ.

ಭಾನುವಾರ, 14 ಡಿಸೆಂಬರ್

ಎರಡು ವಾರ ಬರೆಯಲಿಲ್ಲ. ಬರೆದರೆ ಬೈಗುಳ ಮಾತ್ರ ಬರುತ್ತಿತ್ತು.

ಇಂದು ಪೋಷಕರ ಸಭೆ. ಎದ್ದು ನಿಂತು 1999ರದ್ದು ಎಲ್ಲ ಹೇಳಿದೆ. ಲಾಠಿ, ಟೆಂಪೋ, ಆಸ್ಪತ್ರೆ. ಹೆಸರು ಹೇಳದಿರಬಹುದಿತ್ತು, ಆದರೆ ಆ ಕೈ ಎಲ್ಲರ ಕಣ್ಣೆದುರೇ ಇತ್ತು. "ಮಯೂರ್, ನೀನೇ ಹೇಳು," ಅಂದೆ.

ಅವನು ನನ್ನ ಕಡೆ ನೋಡಲಿಲ್ಲ. "ಅದು ಬಿದ್ದು ಆದದ್ದು, ಆಂಟಿ. ನಿಮಗೆ ಮರೆತಿರಬೇಕು."

ನನಗೆ! ಮರೆವು!

"ಮತ್ತೆ ನಮ್ಮ ಕಾಲದಲ್ಲಿ ಎರಡೇಟು ಬಿದ್ದದ್ದಕ್ಕೇ ನಾವು ದಾರಿಗೆ ಬಂದದ್ದು," ಅಂತ ಸೇರಿಸಿದ. ಬಿದ್ದು ಆಗಿದ್ದರೆ ಏಟಿನ ಮಾತು ಎಲ್ಲಿಂದ ಬಂತು? ಯಾರೂ ಕೇಳಲಿಲ್ಲ.

ಅಪರ್ಣಾ ಎದ್ದಳು. ಬ್ಯಾಂಕಿನಲ್ಲಿ ಆಫೀಸರ್. "ಮೇಡಂ, ನಿಮ್ಮ ಮೇಲೆ ಗೌರವ ಇದೆ. ಆದ್ರೆ ಪುಂಡರೀಕಾಕ್ಷ ಸರ್‌ಗೆ ಹೆಂಡ್ತಿ ಮಕ್ಕಳಿದ್ದಾರೆ. ಆ ಇನ್ನೊಬ್ಬರ ಜತೆ ಟೆಂಟಿಗೆ ಕಳಿಸೋದಕ್ಕಿಂತ ನಾಲ್ಕು ಏಟೇ ವಾಸಿ ಅಲ್ವಾ?"

"ನಿಮ್ಮ ಮಗನ ಮೊಣಕಾಲು ನೋಡಿದ್ರಾ?"

"ಮನೆಯಲ್ಲಿ ನಾನೂ ಹಾಗೇ ಕೂರಿಸ್ತೇನೆ, ಮೇಡಂ." ಎಲ್ಲರೂ ನಕ್ಕರು. ಸುರಕ್ಷತೆಯ ಮಾತಾಡಿದ ಅದೇ ಬಾಯಿಗಳು.

ಸಭೆ ಮುಗಿದಮೇಲೆ ಯಜ್ಞೇಶ್ವರ ನನ್ನ ಪಕ್ಕ ಬಂದು ಮೆಲ್ಲಗೆ, ಬಹಳ ಅಕ್ಕರೆಯಿಂದ: "ಜಯಕ್ಕ, ನಿಮಗೂ ದಣಿವಾಗಿದೆ. ಮಾರ್ಚಿನಲ್ಲಿ ನಿಮಗೊಂದು ದೊಡ್ಡ ಸನ್ಮಾನ ಇಟ್ಕೊಂಡಿದ್ದೇವೆ."

ಮನೆಯಲ್ಲಿ ಇವರಿಗೆ ಹೇಳಿದೆ. ಪೇಪರಿನಿಂದ ತಲೆ ಎತ್ತಿ, "ಹಣ್ಣಿನ ಬುಟ್ಟಿಯಲ್ಲಿ ಸೇಬು ಹಾಕಲಿಕ್ಕೆ ಹೇಳು ಮಾರಾಯ್ತಿ, ಬರೀ ಬಾಳೆಹಣ್ಣು ತುಂಬಿಸ್ತಾರೆ," ಅಂದರು. ಆಮೇಲೆ ಪೇಪರ್ ಮಡಚಿಟ್ಟರು.

ಗುರುವಾರ, 25 ಡಿಸೆಂಬರ್. ಸಂಜೆ ಆರು

ನಾಳೆ ಬೆಳಿಗ್ಗೆ ಬಸ್ಸು. ಹುಡುಗರು ಮಾತ್ರ, ಜತೆಗೆ ಪುಂಡರೀಕಾಕ್ಷ ಮತ್ತು ಮನೀಶ. ನಾನು ಬರುತ್ತೇನೆ ಅಂದದ್ದಕ್ಕೆ "ಗಂಡುಹುಡುಗರ ಕ್ಯಾಂಪಿಗೆ ಹೆಂಗಸರು ಬೇಡ" ಅಂದರು. ಸ್ಕೌಟ್ಸ್ ಜಿಲ್ಲಾ ಕಚೇರಿಗೆ ಬರೆದೆ, ಉತ್ತರವಿಲ್ಲ. ಕ್ರಿಸ್ಮಸ್ ರಜೆ. ಎರಡು ದಿನದಿಂದ ಮನೆಯೊಳಗೆ ಬೋನಿನ ಹುಲಿಯಂತೆ ತಿರುಗುತ್ತಿದ್ದೇನೆ.

ಈಗಷ್ಟೇ ಅಶ್ಮಿತಾಳ ಫೋನು. ಮಯೂರನ ಹೆಂಡತಿ. ತಗ್ಗಿದ ಸ್ವರ, ನೀರಿನ ಸದ್ದು. ಬಾತ್‌ರೂಮಿನಿಂದ ಇರಬೇಕು.

"ಆಂಟಿ, ನಮ್ಮ ಸಾತ್ವಿಕ ನಾಳೆ ಹೋಗೋದಿಲ್ಲ. ಜ್ವರ ಅಂತ ಇವರು ಗ್ರೂಪಲ್ಲಿ ಹಾಕಿದ್ದಾರೆ."

"ಎಷ್ಟಿದೆ ಜ್ವರ?"

"ಎಂಥ ಜ್ವರ? ಬಿಲ್ಡಿಂಗ್ ಕೆಳಗೆ ಕ್ರಿಕೆಟ್ ಆಡ್ತಿದ್ದಾನೆ." ಸ್ವಲ್ಪ ತಡೆದು: "ನಾನು ಬ್ಯಾಗು ಪ್ಯಾಕ್ ಮಾಡಿಟ್ಟಿದ್ದೆ. ಇವರು ಹೊರಗಿನಿಂದ ಬಂದವರೇ ಬ್ಯಾಗು ಬಿಚ್ಚಿ ಒಂದೊಂದೇ ಬಟ್ಟೆ ಕಪಾಟಿಗೆ ವಾಪಸ್ಸು ಇಟ್ರು. ಯಾಕೆ ಅಂತ ಕೇಳಿದ್ರೆ, ಕೈ ನೀವಿಕೊಳ್ತಾ ಕೂತಿದ್ದಾರೆ. ಆಂಟಿ… ಅದು ನಿಜವಾ? ನೀವು ಮೀಟಿಂಗಲ್ಲಿ ಹೇಳಿದ್ದು?"

"ನಿಜ."

"ನನ್ನ ಹೆಸರು ಹೇಳ್ಬೇಡಿ."

ಇಟ್ಟಳು.

ತನ್ನ ಮಗನ ಬ್ಯಾಗು ಮಾತ್ರ ಬಿಚ್ಚಿದ. ಉಳಿದವರ ಮಕ್ಕಳಿಗೆ ವಿಸಿಲು ಊದುವವನನ್ನು ತಾನೇ ಆರಿಸಿ, ತಾನೇ ವೇದಿಕೆ ಹತ್ತಿ ವಿಸಿಲು ಕೊಟ್ಟು, ನನ್ನನ್ನು ಅರುಳುಮರುಳು ಮಾಡಿ ಕೂರಿಸಿ… ಟೆಂಪೋದಲ್ಲಿ ನನ್ನ ಸೆರಗು ಕಚ್ಚಿಕೊಂಡು ಅಳು ತಡೆದಿದ್ದ ಆ ಹುಡುಗನ ಬಗ್ಗೆ ಇಷ್ಟು ವರ್ಷ ಇಟ್ಟುಕೊಂಡಿದ್ದ ಕನಿಕರ ಎಲ್ಲಿ ಹೋಯಿತೋ ಹುಡುಕಿದರೂ ಸಿಗುತ್ತಿಲ್ಲ. ಅಸಹ್ಯ ಮಾತ್ರ ಇದೆ.

ಇರಲಿ. ಅಸಹ್ಯದಿಂದಲೂ ಒಂದು ಕೆಲಸ ಮಾಡಬಹುದು.

ಅಶ್ಮಿತಾಳ ಹೆಸರು ಬರುವುದಿಲ್ಲ. ಬೇಕಾಗಿಯೂ ಇಲ್ಲ. ಪ್ರತಿ ಮನೆಗೆ ಒಂದೇ ಮಾತು: ಮಯೂರನ ಮಗ ಬಸ್ಸು ಹತ್ತುವುದಿಲ್ಲ. ಜ್ವರ ಇದೆಯೋ ಇಲ್ಲವೋ ಅವರ ಬಿಲ್ಡಿಂಗ್ ಕೆಳಗೆ ಹೋಗಿ ನೀವೇ ನೋಡಿ. ಆಮೇಲೆ ನಿಮ್ಮ ಹುಡುಗನ ಬ್ಯಾಗು ನೀವೇ ಮುಚ್ಚಿ, ಅಥವಾ ಬಿಚ್ಚಿ.

ಇವರು ಟಿವಿ ಆರಿಸಿ ಪಕ್ಕ ಬಂದು ಕೂತಿದ್ದಾರೆ. ಫೋನಿನಲ್ಲಿ ನಂಬರು ಹುಡುಕಿ, ಒತ್ತಿ ಕೊಡುತ್ತಾರಂತೆ. "ಮೊದಲು ಯಾರಿಗೆ?"

ಅಪರ್ಣಾಗೆ.

ಸ್ಪೀಕರಿಗೆ ಹಾಕಿದ್ದಾರೆ, ರಿಂಗ್ ಆಗುತ್ತಿದೆ. ಎತ್ತಿದಳು. ಹಿಂದಿನಿಂದ ಅವಳ ಹುಡುಗನ ಸ್ವರ — ಆಯೀ, ಮಾಝಾ ಸ್ಕಾರ್ಫ್ ಇಸ್ತ್ರಿ ಕೇಲಾಸ್ ಕಾ, ವಾಕಡಾ ನಕೋ, ಸರ್ ಮಾರ್ತಿಲ್ — ಸ್ಕಾರ್ಫ್ ಓರೆಯಾದರೆ ಸರ್ ಹೊಡೀತಾರಂತೆ. ಪೆನ್ನು ಕೆಳಗಿಟ್ಟು ಹೇಳುತ್ತೇನೆ.