ಹೊನ್ನಾವರದ ನೀರಿನಲ್ಲಿ ನೀವು ಬಿಟ್ಟುಹೋದ ಹಗ್ಗ

ರಾಷ್ಟ್ರೀಯ ಕಯಾಕ್ ತಂಡವನ್ನು ಆರಿಸುವ ಸಮಿತಿಯ ಅಧ್ಯಕ್ಷರಿಗೆ,

ಮಾನ್ಯರೇ, ಎಲ್ಲರಿಗಿಂತ ಮುಂದಿದ್ದವನನ್ನು ನೀವು ಸೋತವನೆಂದು ಬರೆದುಕೊಂಡು ಹೋಗಿದ್ದೀರಿ. ಅಷ್ಟಕ್ಕೇ ಬಿಟ್ಟಿದ್ದರೆ ಹೇಗೋ ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದೆವು. “ಕರಾವಳಿಯ ಯುವಕರಿಗೆ ತೋಳಿನಲ್ಲಿ ಬಲವಿದೆ, ಗೆಲ್ಲುವ ಮನಸ್ಸಿಲ್ಲ, ಗುರಿಯ ಹತ್ತಿರ ಬಂದು ಹೆದರಿ ತಿರುಗುತ್ತಾರೆ” ಎಂದು ಪತ್ರಿಕೆಗೂ ಹೇಳಿಕೆ ಕೊಟ್ಟಿದ್ದೀರಿ. ಆ ಪತ್ರಿಕೆ ನನ್ನ ಹೋಟೆಲಿಗೂ ಬರುತ್ತದೆ. ಹೊನ್ನಾವರದ ಬಂದರಿನಲ್ಲಿ ಲಾಂಚು ಹತ್ತುವಲ್ಲಿರುವ ಚಹಾದ ಹೋಟೆಲು ನನ್ನದು. ಪಂದ್ಯದ ದಿನ ತಾವು ಮತ್ತೆ ಮತ್ತೆ ಬನ್ಸ್ ತರಿಸಿಕೊಂಡದ್ದು ಇಲ್ಲಿಂದಲೇ. ನನ್ನ ನಾಲ್ಕು ಮಾತು ಕೇಳಿಸಿಕೊಳ್ಳುವಷ್ಟು ಋಣ ಅದರಿಂದ ಹುಟ್ಟಿದೆಯೆಂದು ನಂಬಿದ್ದೇನೆ.

ಕಯಾಕ್ ಎಂದರೆ ಏನೆಂದು ನಮಗೂ ಗೊತ್ತಿರಲಿಲ್ಲ. ಒಬ್ಬನೇ ಕೂರುವ, ಸೊಂಟದಷ್ಟೇ ಅಗಲದ ದೋಣಿ. ಎರಡೂ ತುದಿಗೆ ಹಲಗೆಯಿರುವ ಒಂದೇ ಹುಟ್ಟು. ಸಾವಿರ ಮೀಟರು ನೇರವಾಗಿ ಹೊಡೆಯಬೇಕು, ಮೊದಲು ಮುಟ್ಟಿದವನು ಗೆದ್ದ. ಗೆದ್ದವರನ್ನು ದೇಶದ ತಂಡಕ್ಕೆ ಸೇರಿಸಿ ಯೂರೋಪಿನ ಪಂದ್ಯಕ್ಕೆ ಕಳಿಸುತ್ತೇವೆ ಎಂದು ನಿಮ್ಮವರು ಮಳೆಗಾಲ ಮುಗಿದೊಡನೆ ಭಟ್ಕಳ, ಕುಮಟೆಗಳಲ್ಲಿ ಇಳಿಸಿದಂತೆ ನಮ್ಮಲ್ಲೂ ಎರಡು ಕಯಾಕ್ ತಂದು ಶರಾವತಿಗೆ ಇಳಿಸಿದರು. ನಮ್ಮ ಬಂದರಿನ ಹುಡುಗ ಈರಪ್ಪ ಅಂಬಿಗ ಅದರಲ್ಲಿ ಕೂತವನು ಮೊದಲ ದಿನವಿಡೀ ನೀರಿಗೆ ಬಿದ್ದ. ದಂಡೆಯಲ್ಲಿ ನಿಂತ ಮಂದಿ ನಕ್ಕು ಸುಸ್ತಾದರು. ದೀಪಾವಳಿಯ ಹೊತ್ತಿಗೆ ನಗುವವರು ಯಾರೂ ಉಳಿದಿರಲಿಲ್ಲ, ಏಕೆಂದರೆ ಲಾಂಚಿನ ಜೊತೆಗೆ ಹೊರಟರೆ ಅವನೇ ಮೊದಲು ಆಚೆ ದಡ ಸೇರುತ್ತಿದ್ದ.

ಇನ್ನು ಪಂದ್ಯದ ದಿನ. ಅಭ್ಯಾಸ ನಡೆದಷ್ಟು ದಿನವೂ ದಂಡೆಯ ಮೇಲಿನ ಬಾವುಟದ ಕಂಬವೇ ಗುರಿಯಾಗಿತ್ತು. ಅತಿಥಿಗಳು ಬರುತ್ತಾರೆ, ಗುರಿ ಎದ್ದು ಕಾಣಬೇಕು ಎಂದು ಅಂದು ಬೆಳಿಗ್ಗೆ ನಿಮ್ಮವರು ಪೇಟೆಯಿಂದ ಒಂದು ಹಗ್ಗ ತಂದರು. ಎಲ್ಲಿಂದ? ಬಲೆಯ ಅಂಗಡಿಯಿಂದ. ಅದಕ್ಕೆ ಮರದ ತೇಲುಗುಂಡು ಪೋಣಿಸಿ, ಬಣ್ಣದ ಕಾಗದ ಅಂಟಿಸಿ, ನೀರಿನಲ್ಲಿ ಎರಡು ಗೂಟ ಹುಗಿದು, ಕಂಬಕ್ಕಿಂತ ಸ್ವಲ್ಪ ಈಚೆಗೆ ಅಡ್ಡಲಾಗಿ ಕಟ್ಟಿದರು. ಗುಂಡುಗಳು ತೇಲುತ್ತಿದ್ದವು, ನಡುನಡುವೆ ಹಗ್ಗ ನೀರಿನೊಳಗೆ ಇಳಿದಿತ್ತು. ಅದರ ಮೇಲೆ ಹಾಯ್ದವನು ಗೆದ್ದ ಎಂಬ ಹೊಸ ನಿಯಮವನ್ನು ತಾವೇ ಇಂಗ್ಲಿಷಿನಲ್ಲಿ ಓದಿದಿರಿ, ಆಮೇಲೆ ಹಿಂದಿಯಲ್ಲಿ ಓದಿದಿರಿ. ಕನ್ನಡ, ಕೊಂಕಣಿ, ನವಾಯತಿ, ಉರ್ದು ಇಷ್ಟೆಲ್ಲ ಆಡುವ ಊರುಗಳಿಗೆ ಬಂದು ಇವ್ಯಾವುದೂ ಅಲ್ಲದ ಎರಡನ್ನು ಹುಡುಕಿ ತೆಗೆದ ತಮ್ಮ ಜಾಣತನಕ್ಕೆ ನಾನು ಅಂದೇ ತಲೆದೂಗಿದ್ದೆ.

ಆಮೇಲೆ ಆದದ್ದು ದಂಡೆಯಲ್ಲಿದ್ದ ಎಲ್ಲರಿಗೂ ಕಂಡಿದೆ. ಈರಪ್ಪ ಮುಂದೆ, ಅವನ ಹಿಂದೆ ಭಟ್ಕಳದ ಪಾಂಡು ಮೊಗೇರ, ಅವನ ಬೆನ್ನಿಗೆ ಕುಮಟೆಯ ಬೀರ. ನೀವು ದೊಡ್ಡ ಊರುಗಳಿಂದ ಕರೆತಂದ ಕ್ಲಬ್ಬುಗಳ ಹುಡುಗರು ಬಹಳ ಹಿಂದೆ. ಹಗ್ಗದ ಹತ್ತಿರ ಬಂದ ಈರಪ್ಪ ದೋಣಿ ತಿರುಗಿಸಿ ಗೂಟವನ್ನು ಸುತ್ತಿ ಬಳಸಿಕೊಂಡು ಹೋದ. ಪಾಂಡುವೂ ತಿರುಗಿಸಿದ. ಬೀರನೂ ತಿರುಗಿಸಿದ. ಒಬ್ಬರ ಮುಖ ಒಬ್ಬರು ಅಂದೇ ಮೊದಲು ಕಂಡವರು, ಮೂರು ತಾಲೂಕಿನ ಮೂವರು, ಒಂದೇ ಜಾಗದಲ್ಲಿ ಹೆದರಿದರೇ? ಹಾಗೆ ಬಳಸಿ ಹೋಗಿಯೂ ಈರಪ್ಪ, ಹಗ್ಗದ ಮೇಲೆ ಹಾಯ್ದ ನಿಮ್ಮ ಇಬ್ಬರು ಹುಡುಗರ ಹಿಂದೆಯೇ, ಬಾವುಟದ ಕಂಬಕ್ಕೆ ಮೂರನೆಯವನಾಗಿ ಬಂದು ಮುಟ್ಟಿದ. ಏಕೆ ತಿರುಗಿಸಿದೆ ಎಂದು ತಮ್ಮ ಜವಾನನ ಮೂಲಕ ಕೇಳಿಸಿದಿರಿ. ಅವನು ಹೇಳಿದ್ದನ್ನು ಪಕ್ಕದಲ್ಲೇ ಚಹಾದ ಲೋಟ ಹಿಡಿದು ನಿಂತ ನಾನು ಕೇಳಿದ್ದೇನೆ.

“ಅಲ್ಲಿ ಬಲೆ ಬಿಟ್ಟಿದ್ರಲ, ಒಡ್ಯಾ. ಮಂದಿ ಬಲೆ ಮ್ಯಾನೆ ದೋಣಿ ಹೊಡೂಕಾತದ್ಯಾ?”

ತಾವು ನಕ್ಕಿರಿ. ನಕ್ಕು ಅವನ ಹೆಸರು ಹೊಡೆದುಹಾಕಿದಿರಿ.

ಆ ನಗು ನೆನೆದರೆ ಈಗಲೂ ನನ್ನ ಮೈ ಉರಿಯುತ್ತದೆ. ನನ್ನ ಮಗಳ ಮದುವೆಯ ದಿನ ನಡೆದದ್ದನ್ನು ಹೇಳುತ್ತೇನೆ, ಕೇಳಿ. ಮದುವೆ ಹೊಳೆಯಾಚೆಯ ಕಾಸರಕೋಡಿನಲ್ಲಿ, ನಾವು ಈಚೆ ದಡದಲ್ಲಿ, ಮುಹೂರ್ತ ಹತ್ತಿರ ಬಂದಿತ್ತು. ಈರಪ್ಪನ ಅಪ್ಪ ಚೌಡ ದೋಣಿ ಹೊಡೆಯುತ್ತಿದ್ದ. ನಡುನೀರಿನಲ್ಲಿ ಯಾರದೋ ಬಲೆಯ ತೇಲುಗುಂಡು ಕಂಡದ್ದೇ ತಡ, ದೋಣಿ ತಿರುಗಿಸಿ ಎಲ್ಲಿಂದಲೋ ಬಳಸತೊಡಗಿದ. ನಾನು ಬಾಯಿಗೆ ಬಂದಂತೆ ಬೈದೆ. ಅವನು ಹುಟ್ಟು ನಿಲ್ಲಿಸದೆ ಹೇಳಿದ: “ಭಟ್ರು ಕಾಯ್ತ್ರು, ಕಾಮತ್ರೇ. ಬಲೆ ಹರದ್ರೆ ಮೀನು ಕಾಯೂದಿಲ್ಲ.” ಭಟ್ಟರು ಕಾದರು, ಮದುವೆಯೂ ಆಯಿತು. ಹೆಣ್ಣಿನ ಅಪ್ಪನ ಗೋಳಿಗೂ ಬಗ್ಗದ ಅಪ್ಪನ ಮಗ, ಮಾನ್ಯರೇ, ನಿಮ್ಮ ಬಣ್ಣದ ಕಾಗದ ಅಂಟಿಸಿದ ಹಗ್ಗದ ಮೇಲೆ ಹಾಯುತ್ತಾನೆಯೇ? ಹಾಯ್ದಿದ್ದರೆ ನಮ್ಮ ಬಂದರಿನಲ್ಲಿ ಅವನ ಕೂಡೆ ಮಾತಾಡುವವರು ಇರುತ್ತಿದ್ದರೇ? ಗೆಲ್ಲುವ ಮನಸ್ಸು ಎಂದರೆ ಮಂದಿಯ ಅನ್ನದ ಮೇಲೆ ದೋಣಿ ಹಾಯಿಸುವುದು ಎಂದಾದರೆ, ಹಾಗೆಂದು ಹೇಳಿಕೆಯಲ್ಲಿ ಸ್ಪಷ್ಟವಾಗಿ ಬರೆಯಬೇಕಿತ್ತು.

ಮುಂಬಯಿ ಸರಕಾರವಿದ್ದಾಗ ನಾವು ಅದರ ತೆಂಕಣ ತುದಿ, ಈಗ ಮೈಸೂರು ರಾಜ್ಯದ ಪಡುವಣ ತುದಿ. ತುದಿಯಲ್ಲಿದ್ದವರ ಮಾತು ಮೇಲಕ್ಕೆ ಮುಟ್ಟುವುದು ನಿಧಾನ ಎಂಬುದು ಗೊತ್ತಿದ್ದೇ ಈ ಪತ್ರವನ್ನು ಅಂಚೆಗೆ ಹಾಕದೆ ಅಚ್ಚಿಗೆ ಕೊಟ್ಟಿದ್ದೇನೆ. ನಿಮ್ಮ ತಂಡ ಬರುವ ತಿಂಗಳು ಹಡಗು ಹತ್ತುತ್ತದಂತೆ. ಈರಪ್ಪನ ತಾಯಿ ಸುಬ್ಬಿ ಮೀನುಪೇಟೆಯಲ್ಲಿ ಬುಟ್ಟಿ ಇಳಿಸುವ ಮೊದಲೇ ಮಗ ಹಡಗು ಹತ್ತುವ ಸುದ್ದಿ ಇಳಿಸುತ್ತಾಳೆ. ಈರಪ್ಪನಿಗೆ ಓದು ಬರುವುದಿಲ್ಲ. ತಾನು ಮುಂದಿದ್ದೆನಲ್ಲ, ಹೆಸರು ಬಂದೇ ಬರುತ್ತದೆ ಎಂದು ನಂಬಿದ್ದಾನೆ. ಮೊದಲ ಲಾಂಚಿನ ಹೊತ್ತಿಗೆ ಬಂದು ದಿನವೂ ಕೇಳುತ್ತಾನೆ: “ಕಾಮತ್ರೇ, ಪೇಪರ್ನಲ್ಲಿ ಎಂತಾರೂ ಬಂತಾ?” ನಿಮ್ಮ ಹೇಳಿಕೆಯಿದ್ದ ಪುಟವನ್ನು ನಾನು ಗಲ್ಲಾಪೆಟ್ಟಿಗೆಯ ಕೆಳಗೆ ತುರುಕಿದ್ದೇನೆ. “ಇನ್ನೂ ಇಲ್ಲ ಮಾರಾಯ” ಎನ್ನುತ್ತೇನೆ. “ಆತು, ನಾಳೆ ಬತ್ತೆ” ಎಂದು ಹೋಗುತ್ತಾನೆ. ಈ ಪತ್ರ ಅಚ್ಚಾದ ದಿನವೂ ಅವನು ಬರುತ್ತಾನೆ. ಅಂದು ಓದಿ ಹೇಳಲೇಬೇಕಾಗುತ್ತದೆ, ನನ್ನಿಂದ ಹೇಗೆ ಆಗುತ್ತದೋ ತಿಳಿಯದು.

ನಾನು ಕೇಳುವುದು ದಯೆಯನ್ನಲ್ಲ. ಹಡಗು ಹೊರಡುವ ಮೊದಲು ಇದೇ ನೀರಿನಲ್ಲಿ, ಇದೇ ಮೂವರನ್ನು ನಿಮ್ಮ ಹುಡುಗರ ಜೊತೆಗೆ ಇನ್ನೊಮ್ಮೆ ಬಿಡಿ. ಗುರಿಗೆ ದಂಡೆಯ ಮೇಲಿನ ಕಂಬ ಸಾಕು. ಸೋತರೆ ಸೋತರು, ನಾನೇ ನಿಮಗೆ ಕ್ಷಮೆ ಕೇಳಿ ಬರೆಯುತ್ತೇನೆ. ಬರಲು ಪುರಸೊತ್ತಿಲ್ಲವೆನ್ನುವಿರೋ ಏನೋ. ಹೇಗೂ ಬರಲೇಬೇಕಿದೆ. ನಿಮ್ಮವರು ಮಂಟಪ ಬಿಚ್ಚಿದರು, ಕುರ್ಚಿ ಹೊತ್ತರು, ಹಗ್ಗವನ್ನು ನೀರಿನಲ್ಲೇ ಬಿಟ್ಟುಹೋದರು. ಬಣ್ಣದ ಕಾಗದ ಉದುರಿಹೋಗಿ ಈಗ ಅದು ಥೇಟು ಬಲೆಯೇ. ಯಾರದೋ ಸೊತ್ತು ಎಂದು ಅದನ್ನು ಯಾರೂ ಮುಟ್ಟಿಲ್ಲ. ನಮ್ಮ ದೋಣಿಗಳೆಲ್ಲ ಇವತ್ತಿಗೂ ಅದನ್ನು ಬಳಸಿಕೊಂಡೇ ಹೋಗುತ್ತಿವೆ, ಈರಪ್ಪನ ದೋಣಿಯೂ. ಬಂದು ನಿಮ್ಮ ಹಗ್ಗ ಬಿಚ್ಚಿಕೊಳ್ಳಿ.

ಇಂತಿ,
ಗೆದ್ದವನಿಗೆ ದಿನಾ ಬೆಳಿಗ್ಗೆ ಚಹಾದ ಜೊತೆ ಸುಳ್ಳನ್ನೂ ಕೊಡುತ್ತಿರುವ
ವೆಂಕಟ್ರಮಣ ಕಾಮತ
ಬಂದರು, ಹೊನ್ನಾವರ